ಬೀಗದ ಗುಂಡಿ: ಹೊಸ ನಿರ್ವಾಹಕರಿಗೆ ಬಳಕೆಯ ಕೈಪಿಡಿ

ವಿಕಿಪೀಡಿಯದ ನಿರ್ವಾಹಕರಾದದ್ದಕ್ಕೆ ಅಭಿನಂದನೆ. ಸಂಬಳವಿಲ್ಲ, ಕುರ್ಚಿಯಿಲ್ಲ, ಬೈಗುಳ ಮಾತ್ರ ಧಾರಾಳ. ನಿಮ್ಮ ಕೈಗೆ ಬಂದಿರುವ ಸಲಕರಣೆಗಳಲ್ಲಿ ಅತಿ ಅಪಾಯಕಾರಿಯಾದದ್ದು ಪುಟಕ್ಕೆ ಬೀಗ ಹಾಕುವ ಗುಂಡಿ. ಮೊದಲ ವಾರ ಅದನ್ನು ಒತ್ತಲು ಬೆರಳು ತುರಿಸುತ್ತದೆ. ತುರಿಸಲಿ ಬಿಡಿ.

ಅಳತೆಗಳು: ಇಂಗ್ಲಿಷ್ ವಿಕಿಪೀಡಿಯದಲ್ಲಿ ಅರೆಬೀಗ ಬಿದ್ದ ಪುಟವನ್ನು ತಿದ್ದಲು ಖಾತೆಗೆ 4 ದಿನ ತುಂಬಿರಬೇಕು, 10 ತಿದ್ದುಪಡಿ ಆಗಿರಬೇಕು. ಅದಕ್ಕಿಂತ ದೊಡ್ಡದಕ್ಕೆ 30 ದಿನ, 500 ತಿದ್ದುಪಡಿ. ಪೂರ್ಣ ಬೀಗ ಬಿದ್ದರೆ ನಿಮ್ಮಂಥವರಿಗಷ್ಟೇ ಪ್ರವೇಶ. 2001ರಲ್ಲಿ ಅಂಗಡಿ ತೆರೆದಾಗ ಇಷ್ಟೆಲ್ಲ ಅಳತೆ ಇರಲಿಲ್ಲ. ಅರೆಬೀಗ ಬಂದದ್ದೇ 2005ರ ಕೊನೆಗೆ.

ಒತ್ತುವ ಮುನ್ನ: ಪುಟದ ಇತಿಹಾಸ ತೆರೆಯಿರಿ. ಪ್ರತಿ ಸಾಲಿನಲ್ಲೂ ಯಾರು, ಯಾವಾಗ, ಎಷ್ಟು ಬೈಟ್ ಎಂಬ ಲೆಕ್ಕ ಇರುತ್ತದೆ. ಸೇರಿಸಿದ್ದು ಹಸಿರು, ಕಳೆದದ್ದು ಕೆಂಪು. ಪಕ್ಕದ ಷರಾ ನಂಬಬೇಡಿ. 'ಸಣ್ಣ ಕಾಗುಣಿತ ತಿದ್ದುಪಡಿ' ಎಂದು ಬರೆದ ಸಾಲಿನಲ್ಲಿ ನಾಲ್ಕು ಸಾವಿರ ಬೈಟ್ ಕೆಂಪಾಗಿದ್ದರೆ, ಯಾರೋ ಒಬ್ಬ ರಾಜಕಾರಣಿಯ ಹಗರಣದ ಅಧ್ಯಾಯ ಪೂರ್ತಿ ಮಾಯವಾಗಿದೆ ಎಂದು ತಿಳಿಯಿರಿ. ಗಾಬರಿ ಬೇಡ, ಹಳೆಯದು ಹಾಗೇ ಇದೆ. ಒಂದು ಕ್ಲಿಕ್ಕಿಗೆ ವಾಪಸು ಬರುತ್ತದೆ. ಎಲ್ಲರಿಗೂ ತೆರೆದಿಟ್ಟ ಪುಟ ಇಷ್ಟು ವರ್ಷ ಉಳಿದಿರುವುದು ಬಹುಮಟ್ಟಿಗೆ ಈ ಲೆಕ್ಕದ ಪುಸ್ತಕದಿಂದ. ಬೀಗಕ್ಕೆ ಅಷ್ಟು ಜಂಬ ಬೇಡ.

ಇಬ್ಬರೇ ಕಿತ್ತಾಡುತ್ತಿದ್ದರೆ ಬೀಗ ಹಾಕಬೇಡಿ. ಊರಿನ ಹೆಸರು ತಿದ್ದಲು ಬಂದ ಮೂರನೆಯವನು ಹೊರಗೆ ನಿಲ್ಲುತ್ತಾನೆ, ಅಷ್ಟೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರದನ್ನು ಅಳಿಸುವಂತಿಲ್ಲ ಎಂಬ ನಿಯಮ ತೋರಿಸಿ, ಇಬ್ಬರನ್ನೂ ಚರ್ಚೆಪುಟಕ್ಕೆ ಅಟ್ಟಿ. ಕನ್ನಡ ವಿಕಿಪೀಡಿಯದವರಿಗೆ ಅರಳಿಕಟ್ಟೆ ಎಂಬ ಹೆಸರಿನ ಜಾಗವೇ ಇದೆ.

ಯಾವಾಗ ಒತ್ತಬೇಕು? 2006ರಲ್ಲಿ ಅಮೆರಿಕದ ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್, ಆರು ತಿಂಗಳಲ್ಲಿ ಆಫ್ರಿಕದ ಆನೆಗಳ ಸಂಖ್ಯೆ ಮೂರು ಪಟ್ಟಾಗಿದೆ ಎಂದು ವಿಕಿಪೀಡಿಯದಲ್ಲಿ ಬರೆಯಿರಿ ಅಂತ ವೀಕ್ಷಕರನ್ನು ಹುರಿದುಂಬಿಸಿದ. ಜನ ಬರೆದೇಬಿಟ್ಟರು. ಇಂಥ ದಂಡು ಬಂದಾಗ ಲಜ್ಜೆ ಬಿಟ್ಟು ಒತ್ತಿ.

ಒತ್ತಿದ ಮೇಲೆ: ನೀವು ಪುಟದ ಯಾವ ಆವೃತ್ತಿಯ ಮೇಲೆ ಬೀಗ ಹಾಕಿದರೂ ಅದು ತಪ್ಪು ಆವೃತ್ತಿಯೇ ಆಗಿರುತ್ತದೆ. ಇದು ವಿಕಿ ಬಳಗದ ಹಳೆಯ ತಮಾಷೆ. ನಿಮಗೆ ಬರುವ ದೂರುಗಳಲ್ಲಿ ಮಾತ್ರ ತಮಾಷೆ ಇರುವುದಿಲ್ಲ. ಅವಧಿಯ ಜಾಗದಲ್ಲಿ 'ಅನಿರ್ದಿಷ್ಟ' ಆರಿಸಬೇಡಿ. ಹಾಕಿದವರು ಮರೆಯುತ್ತಾರೆ. 2003ರಿಂದ ನಡೆದುಬಂದಿರುವ ನಮ್ಮ ಕನ್ನಡದ ಮನೆಯಲ್ಲಿ ನಿರ್ವಾಹಕರು ಬೆರಳೆಣಿಕೆಯಷ್ಟು. ಕೀಲಿ ಇದ್ದವರು ಕೆಲಸ ಬದಲಿಸಿ, ಮದುವೆಯಾಗಿ, ಪತ್ತೆಯಿಲ್ಲದೆ ಹೋದರೆ ಪುಟ ಹಾಗೇ ಕೊಳೆಯುತ್ತದೆ.

ಬೀಗದಿಂದ ವಾಸಿಯಾಗದ ಕಾಯಿಲೆಗಳು: ಮೊಸರು. ಅದರ ಇಂಗ್ಲಿಷ್ ಕಾಗುಣಿತದಲ್ಲಿ 'ಎಚ್' ಇರಬೇಕೋ ಬೇಡವೋ ಎಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ 2003ರಲ್ಲಿ ಶುರುವಾದ ತಕರಾರು 2011ರವರೆಗೆ ನಡೆಯಿತು. ಮೊಸರಲ್ಲಿ ಕಲ್ಲು ಹುಡುಕುವುದು ನಮಗೆ ಗಾದೆ, ಅವರಿಗೆ ಎಂಟು ವರ್ಷದ ಕೆಲಸ. ಕೊನೆಗೆ 'ಎಚ್' ಬಿದ್ದುಹೋಯಿತು. ಆ ಪುಟದ ಕಡೆ ಹೋದರೆ ಕಾರಣ ವಿಚಾರಿಸಬೇಡಿ, ಚರ್ಚೆ ಮತ್ತೆ ತೆರೆದೀತು.