ವರನನ್ನು ಕೇಳದ ಲಗ್ನಪತ್ರಿಕೆ

ಹೆಸರು ಹಿಡಿದು ಕರೆದ ಮಾತ್ರಕ್ಕೆ ದೇವರೇ ಬರುವುದಿಲ್ಲ, ಇನ್ನು ಆಟಗಾರ ಬರುತ್ತಾನೆಯೇ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಧಣಿಗಳಿಗೆ ಇದು ಮೊದಲ ಡ್ರಾಫ್ಟ್‌ನಲ್ಲೇ ಮನವರಿಕೆಯಾಯಿತು.

1946ರಲ್ಲಿ ಬಿಎಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್ ಕಟ್ಟಿದವರಲ್ಲಿ ಹೆಚ್ಚಿನವರು ಐಸ್ ಹಾಕಿ ಕ್ರೀಡಾಂಗಣಗಳ ಒಡೆಯರು. ಹಾಕಿ ಇಲ್ಲದ ರಾತ್ರಿ ಅಷ್ಟು ದೊಡ್ಡ ಕಟ್ಟಡ ಖಾಲಿ ಬಿದ್ದಿರುವುದನ್ನು ನೋಡಲಾರದೆ ಇನ್ನೊಂದು ಆಟ ಹಚ್ಚಿದರು. ಕಾಲೇಜು ಹುಡುಗರಿಗಾಗಿ ತಮ್ಮತಮ್ಮಲ್ಲೇ ಪೈಪೋಟಿಗಿಳಿದು ಸಂಬಳ ಏರಿಸಿಕೊಳ್ಳುವುದೇಕೆ? 1947ರ ಜುಲೈ 1ರಂದು ಡೆಟ್ರಾಯಿಟ್‌ನಲ್ಲಿ ಕೂತು ಹುಡುಗರನ್ನು ಹಂಚಿಕೊಂಡರು. ಈ ಹಂಚಿಕೆಯೇ ಡ್ರಾಫ್ಟ್. ಹುಡುಗನ ಮನಸ್ಸಿನಲ್ಲೇನಿದೆ ಎಂದು ಕೇಳಿದವರಿಲ್ಲ. ವರನಿಗೆ ತಿಳಿಸದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ.

ಹಿಂದಿನ ವರ್ಷ ಸೋತು ಸುಣ್ಣವಾಗಿದ್ದ ಪಿಟ್ಸ್‌ಬರ್ಗ್ ಐರನ್‌ಮೆನ್ ತಂಡ ಮೊಟ್ಟಮೊದಲು ಕ್ಲಿಫ್ಟನ್ ಮೆಕ್‌ನೀಲಿಯ ಹೆಸರು ಕೂಗಿತು. ಪುಣ್ಯಾತ್ಮ ಹೋಗಲೇ ಇಲ್ಲ. ಟೆಕ್ಸಸ್‌ನ ಪ್ಯಾಂಪಾ ಊರಿನ ಹೈಸ್ಕೂಲಿನಲ್ಲಿ ಕೋಚ್ ಆಗಿ, ಮಕ್ಕಳಿಗೆ ನಾಲ್ಕು ಸಲ ರಾಜ್ಯ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಕರೆದ ತಂಡವೋ, ಮುಂದಿನ ಸೀಸನ್ನಿಗೆ ಮೊದಲೇ ಬಾಗಿಲು ಹಾಕಿತು.

ಅದೇ ಪಟ್ಟಿಯಲ್ಲಿ ನ್ಯೂಯಾರ್ಕ್ ನಿಕ್ಸ್ ಆರಿಸಿದ್ದು ಐದಡಿ ಏಳಿಂಚಿನ ವಾಟ್ ಮಿಸಾಕಾನನ್ನು. ಬಿಳಿಯರಷ್ಟೇ ಆಡುತ್ತಿದ್ದ ಲೀಗಿಗೆ ಕಾಲಿಟ್ಟ ಈ ಜಪಾನಿ ಮೂಲದ ಹುಡುಗನಿಗೆ ಸಿಕ್ಕಿದ್ದು ಮೂರೇ ಪಂದ್ಯ. ಊರಿಗೆ ಮರಳಿ ಎಂಜಿನಿಯರ್ ಆದ.

ನನಗೆ ಹೆಚ್ಚು ಇಷ್ಟವಾಗುವುದು ಬಾಬ್ ಕೂಸಿಯ ಕಥೆ. ಅಷ್ಟರಲ್ಲಿ ಲೀಗ್ ಎನ್‌ಬಿಎ ಆಗಿತ್ತು. 1950ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತನ್ನ ಪಕ್ಕದ ಊರಿನಲ್ಲೇ ಆಡಿ ಹೆಸರಾಗಿದ್ದ ಇವನನ್ನು ಬಿಟ್ಟು, ಎತ್ತರದ ಚಕ್ ಶೇರ್‌ನನ್ನು ಆರಿಸಿತು. ಅವನು ಬಾಸ್ಟನ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಕೂಸಿಯನ್ನು ಕರೆದ ಟ್ರೈ-ಸಿಟೀಸ್ ತಂಡದೊಡನೆ ಸಂಬಳ ಕುದುರಲಿಲ್ಲ. ಅವನ ತಲೆಯಲ್ಲಿದ್ದದ್ದು ವೂಸ್ಟರ್‌ನಲ್ಲಿ ಡ್ರೈವಿಂಗ್ ಸ್ಕೂಲ್! ಅವನನ್ನು ಆಡಿಸುವ ಹಕ್ಕು ಷಿಕಾಗೋ ತಂಡಕ್ಕೆ ಹೋಯಿತು. ಆ ತಂಡವೂ ಮುಳುಗಿತು. ಕೂಸಿಯೂ ಸೇರಿ ಅದರಲ್ಲಿ ಉಳಿದಿದ್ದ ಮೂವರು ಆಟಗಾರರ ಹೆಸರನ್ನು ಟೊಪ್ಪಿಗೆಯಲ್ಲಿ ಹಾಕಿ ಚೀಟಿ ಎತ್ತಿದರು. ಬಾಸ್ಟನ್ ಮಾಲೀಕ ವಾಲ್ಟರ್ ಬ್ರೌನ್‌ಗೆ ಬಂದದ್ದು, ಬೇಡವೆಂದಿದ್ದ ಅದೇ ಕೂಸಿ. ಅವನು ಸೆಲ್ಟಿಕ್ಸ್‌ಗೆ ಆರು ಚಾಂಪಿಯನ್‌ಷಿಪ್ ತಂದುಕೊಟ್ಟವರಲ್ಲೊಬ್ಬನಾದ.

ಆಯ್ಕೆದಾರರಿಗೆ ಸನ್ಮಾನ ಮಾಡುವುದಾದರೆ ಮೊದಲ ಶಾಲು ಆ ಟೊಪ್ಪಿಗೆಗೇ ಹೊದಿಸಬೇಕು. ಉಳಿದವರಂತೆ ಅದು ಆರಿಸುವಾಗ ಕಾರಣ ಕೊಡಲಿಲ್ಲ. ಗೆದ್ದ ಮೇಲೆ, 'ನಾನಾಗಲೇ ಹೇಳಿದ್ದೆ' ಎನ್ನಲೂ ಇಲ್ಲ.