ಹರೆಯ ಅಳೆಯುವ ಕೈಪಿಡಿ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ

ಬೇಕಾಗುವ ಸಾಮಾನು: ಪ್ರಶ್ನಾವಳಿ, ಎತ್ತರ ಅಳೆಯುವ ಕೋಲು, ನಾಚದ ಮುಖ, ಸೀಮೆಯ ಜಾತ್ರೆಗಳ ಪಟ್ಟಿ.

ಮೊದಲು ವಯಸ್ಸು ಬರೆದುಕೊಳ್ಳಿ, ಬರೆದ ಮೇಲೆ ನಂಬಬೇಡಿ. ಹಳೇ ದಾಖಲಾತಿ ಪುಸ್ತಕದಲ್ಲಿ ಊರ ಮಕ್ಕಳೆಲ್ಲ ಜೂನ್ 1ರಂದೇ ಹುಟ್ಟಿದ್ದಾರೆ. ತಾರೀಖು ಸರಿಯಿದ್ದರೂ ಅಷ್ಟೇ: ಒಂದೇ ಬೆಂಚಿನ 12ರ ಇಬ್ಬರಲ್ಲಿ ಒಬ್ಬಳು ಅಮ್ಮನ ಎತ್ತರ ಮುಟ್ಟಿರುತ್ತಾಳೆ, ಇನ್ನೊಬ್ಬಳಿಗೆ ಏನೂ ಶುರುವಾಗಿರುವುದಿಲ್ಲ. ವಯಸ್ಸು ಬಿಟ್ಟು ಹರೆಯವನ್ನೇ ಅಳೆಯಿರಿ ಎನ್ನುವುದು ಇದಕ್ಕೇ.

ಅಳತೆಗೋಲು ಹಲವು. ಬ್ರಿಟನ್ನಿನ ಮಾರ್ಷಲ್ ಮತ್ತು ಟ್ಯಾನರ್ 1969ರಲ್ಲಿ ಹುಡುಗಿಯರಿಗೆ, 1970ರಲ್ಲಿ ಹುಡುಗರಿಗೆ ಐದೈದು ಹಂತ ವಿವರಿಸಿದರು. ಹಂತ ಗುರುತಿಸಲು ವೈದ್ಯರು ಮೈ ನೋಡಬೇಕು. ಇದನ್ನು ಹಳ್ಳಿ ಪ್ರೌಢಶಾಲೆಯ ಹೆಡ್‌ಮಾಸ್ತರರಿಗೆ ಹೇಳಿ ನೋಡಿ. ಚಳ್ಳಕೆರೆಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಅವರೇ ತಿಳಿಸುತ್ತಾರೆ. ಗಂಡುಮಕ್ಕಳ ವೃಷಣದ ಗಾತ್ರಕ್ಕೆ ಸ್ವಿಸ್ ವೈದ್ಯ ಪ್ರಾಡರ್ ಮಾಡಿದ 12 ಮಣಿಗಳ ಸರವಿದೆ, 4 ಮಿಲಿಲೀಟರಿನ ಮಣಿ ಮುಟ್ಟಿದರೆ ಹರೆಯ ಶುರು. ಸರ ಚೀಲದಲ್ಲೇ ಇರಲಿ.

ಉಳಿಯುವುದು ಆ್ಯನ್ ಪೀಟರ್ಸನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಎತ್ತರ, ಕೂದಲು, ಚರ್ಮ, ಹುಡುಗರಿಗೆ ದನಿ: ಇನ್ನೂ ಶುರುವಾಗಿಲ್ಲವೋ, ಈಗಷ್ಟೇ ಶುರುವೋ, ನಡೆಯುತ್ತಿದೆಯೋ, ಮುಗಿಯಿತೋ? ದಿನವಿಡೀ ಕುರಿ ಹಿಂದೆ ಕೂಗಿದವನ ದನಿ ಒಡೆದದ್ದು ಹರೆಯಕ್ಕೋ ಕುರಿಗೋ ಎಂದು ಅದು ಕೇಳುವುದಿಲ್ಲ.

ಹುಡುಗಿಯರಿಗೆ ಮೈನೆರೆದಿದ್ದಾಯಿತೇ, ಆಗಿದ್ದರೆ ಯಾವಾಗ ಎಂಬ ಪ್ರಶ್ನೆಯೂ ಇದೆ. ಜಾತ್ರೆಪಟ್ಟಿ ಈಗ ತೆಗೆಯಿರಿ. 'ನಾಯಕನಹಟ್ಟಿ ತೇರಾಗಿ ವಾರಕ್ಕೆ' ಎಂದರೆ ಫಾಲ್ಗುಣ. 'ಗೌರಸಮುದ್ರದ ಮಾರಮ್ಮನ ಜಾತ್ರೆ ಮುಂಚೆ' ಎಂದರೆ ಭಾದ್ರಪದದ ಆಚೀಚೆ. ವರ್ಷ ಕಳೆದಂತೆ ನೆನಪು ಜಾರುತ್ತದೆ ಎಂಬ ಸಂಶೋಧಕರ ಚಿಂತೆಗೆ ಇಲ್ಲಿ ಅರ್ಧ ಪರಿಹಾರವಿದೆ. ಸೋದರಮಾವ ಹಸಿರು ಗುಡ್ಲು ಹಾಕಿದ್ದರೆ, ಬೀದಿಯವರೆಲ್ಲ ಚಿಗಳಿ ತಿಂದಿದ್ದರೆ, ಸಾಕ್ಷಿಗೂ ಕೊರತೆಯಿಲ್ಲ. ಜೊಲ್ಲಿನಲ್ಲಿ ಹಾರ್ಮೋನು ಅಳೆಯುವ ದುಬಾರಿ ಪರೀಕ್ಷೆಗೆ ಇಂಥ ಬಂದೋಬಸ್ತು ಎಲ್ಲಿಂದ ಬರಬೇಕು? ಗಂಡುಮಗನಿಗೆ ಮಾತ್ರ ಗುಡ್ಲೂ ಇಲ್ಲ, ಚಿಗಳಿಯೂ ಇಲ್ಲ. 'ಮೀಸೆ ಬಂದೈತೇನೋ ನೀವೇ ನೋಡ್ಕಳಿ' ಎನ್ನುತ್ತಾಳೆ ತಾಯಿ.

ಎಚ್ಚರಿಕೆ. ಇಷ್ಟು ಸಾಕ್ಷಿಗಳಿರುವುದೇ ತೊಡಕು. ಮುಟ್ಟಾದವರು ಊರಾಚೆ ಇರಬೇಕೆಂಬ ಕಟ್ಟಳೆ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೂ ಪೂರ್ತಿ ಸಡಿಲವಾಗಿಲ್ಲ. 'ಆಗಿದೆ' ಎಂದರೆ ಚಳಿಯಲ್ಲಿ ಹೊರಗೆ ಮಲಗುವುದು, ಶಾಲೆ ತಪ್ಪುವುದು, ಮದುವೆಯ ಮಾತು ಏಳುವುದು. ಅದನ್ನು ಬಲ್ಲ ಹುಡುಗಿ 'ಇನ್ನೂ ಇಲ್ಲ'ಕ್ಕೆ ಗುರುತು ಹಾಕಿದರೆ ಪ್ರಶ್ನೆ ಅರ್ಥವಾಗಲಿಲ್ಲವೆಂದು ಷರಾ ಬರೆಯಬೇಡಿ. ನಿಮಗಿಂತ ಚೆನ್ನಾಗಿ ಅರ್ಥವಾಗಿದೆ. ಒಪ್ಪಿಗೆ ಪತ್ರಕ್ಕೆ ಅಪ್ಪನ ಹೆಬ್ಬೆಟ್ಟು ಬಿದ್ದರೆ ಕೆಲಸ ಮುಗಿಯಲಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ 12 ದಾಟಿದವರ ಸ್ವಂತ ಒಪ್ಪಿಗೆಯೂ ಬರಹದಲ್ಲಿರಬೇಕು.

ಕಾಗದ ಅವಳ ಕೈಗೇ ಕೊಡಿ, ಕದ ಮುಚ್ಚಿ, ಹೆಸರಿನ ಜಾಗದಲ್ಲಿ ಸಂಖ್ಯೆ ಬರೆಯಿರಿ. 'ಇನ್ನೂ ಇಲ್ಲ' ಎಂದಿದ್ದರೆ ಹಾಗೇ ದಾಖಲಿಸಿ, ಪಕ್ಕದ ಮನೆಯಾಕೆ ಕಿಟಕಿಯಿಂದ ಕೂಗಿ ತಿದ್ದಿದರೂ.