ಕಂಪಮೀಮಾಂಸೆ ಅಥವಾ ಪೆಟ್ಟಿಗೆಯ ಬುಡದ ಮತಭೇದಗಳು

ಹಾಡೆಂದರೆ ಕಂಪನ, ಅದನ್ನು ಕೇಳಿಸುವ ಪೆಟ್ಟಿಗೆ ಮಾತ್ರ ಕಂಪಿಸಕೂಡದು. ಈ ಶಾಸ್ತ್ರದ ಸಕಲ ಜಗಳಗಳಿಗೂ ಇದೇ ಮೂಲ. ಎಲ್‌ಪಿ ತಟ್ಟೆಯ ಗೀರಿನಲ್ಲಿ ಮೆಲುದನಿಯ ಓಲಾಟ ಒಂದು ಮೈಕ್ರಾನ್‌ಗಿಂತಲೂ ಕಿರಿದಾಗಿರಬಹುದು. ಸೂಜಿ ಬಲು ನಿಷ್ಠಾವಂತ, ವಿವೇಕಿಯಲ್ಲ: ಗಾಯಕಿಯ ಗಮಕವನ್ನೂ ಅಡುಗೆಮನೆಯ ಮಿಕ್ಸಿಯನ್ನೂ ಒಂದೇ ಭಕ್ತಿಯಿಂದ ವರದಿ ಮಾಡುತ್ತದೆ.

ಪೂರ್ವಪಕ್ಷ ಮೊಳೆಯವರದು. ಇವರು ಅದ್ವೈತಿಗಳು. ಸ್ಪೀಕರಿನ ಬುಡಕ್ಕೆ ಉಕ್ಕಿನ ಮೊನೆಗಳನ್ನು ಸಿಕ್ಕಿಸಿ, ನೆಲಕ್ಕೂ ಪೆಟ್ಟಿಗೆಗೂ ಭೇದವಿಲ್ಲ, ಕಂಪನವೆಲ್ಲ ಇಳಿದು ಭೂಮಿಯಲ್ಲಿ ಲೀನವಾಗುತ್ತದೆ ಎನ್ನುವರು. ಇಳಿದ ದಾರಿಯಲ್ಲೇ ಕಂಪನ ಏರಲೂಬಹುದಲ್ಲ? ಮೊಳೆಗೆ ಒಮ್ಮುಖ ಸಂಚಾರದ ನಿಯಮ ಗೊತ್ತಿಲ್ಲ. ಮೊಸಾಯಿಕ್ಕಿಗೆ ಬಿದ್ದ ತೂತು ಮಾತ್ರ ಪ್ರತ್ಯಕ್ಷ ಪ್ರಮಾಣ.

ಸ್ಪ್ರಿಂಗಿನವರು ಅಪ್ಪಟ ದ್ವೈತಿಗಳು: ನೆಲ ಬೇರೆ, ತಟ್ಟೆ ಬೇರೆ, ಭೇದ ನಿತ್ಯ. ಇವರ ಆಚಾರ್ಯ ಅಮೆರಿಕದ ಎಡ್ಗರ್ ವಿಲ್ಚರ್. 1961ರಲ್ಲಿ ಬಂದ ಅವರ ಎಆರ್ ಟರ್ನ್‌ಟೇಬಲ್‌ನಲ್ಲಿ ತಟ್ಟೆಯನ್ನೂ ಸೂಜಿಯ ತೋಳನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಅದನ್ನು ಮೂರು ಸ್ಪ್ರಿಂಗುಗಳ ಮೇಲೆ ತೇಲಿಬಿಟ್ಟಿದ್ದರು. ಅಲುಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ. ಸೂಜಿಗೆ ಸುದ್ದಿಯೇ ಮುಟ್ಟದು. ಮರದ ಪೀಠಕ್ಕೆ ಸುತ್ತಿಗೆಯಿಂದ ಬಡಿದರೂ ಹಾಡು ತಪ್ಪುತ್ತಿರಲಿಲ್ಲ.

ಆದರೆ ಗಣಿತ ಯಾವ ಮಠಕ್ಕೂ ಸೇರಿದ್ದಲ್ಲ. ಭಾರಕ್ಕೆ 25 ಮಿ.ಮೀ. ಕುಗ್ಗುವ ಸ್ಪ್ರಿಂಗು ತಾನಾಗಿ ಸೆಕೆಂಡಿಗೆ ಸುಮಾರು 3 ಸಲ ತೂಗುತ್ತದೆ. ಅದರ 1.4 ಪಟ್ಟು ದಾಟಿದ ಕಂಪನಕ್ಕಷ್ಟೇ ಅದು ತಡೆ. ಅದಕ್ಕಿಂತ ಕೆಳಗಿನದನ್ನು ಹಿಗ್ಗಿಸಿಯೇ ಒಪ್ಪಿಸುತ್ತದೆ. ಮನುಷ್ಯ ನಡೆಯುವುದು ಸೆಕೆಂಡಿಗೆ ಸುಮಾರು 2 ಹೆಜ್ಜೆ! ಹೀಗಾಗಿ ಸುತ್ತಿಗೆಗೆ ಜಗ್ಗದ ಯಂತ್ರ, ಮರದ ಹಲಗೆಯ ನೆಲದ ಮೇಲೆ ಅಜ್ಜ ಕಾಫಿಗೆಂದು ಎದ್ದರೆ ಒಂದು ಚರಣವನ್ನೇ ನುಂಗಿಬಿಡುತ್ತದೆ.

ನಡುವೆ ರಬ್ಬರಿನವರು, ವಿಶಿಷ್ಟಾದ್ವೈತಿಗಳು: ಅಂಟಿಯೂ ಅಂಟದಂತಿರಬೇಕು. ಬಡಭಕ್ತರು ಟೆನ್ನಿಸ್ ಚೆಂಡನ್ನು ಅರ್ಧಕ್ಕೆ ಕುಯ್ಯುತ್ತಾರೆ, ಉಳ್ಳವರು ಸಾರ್ಬೊಥೇನ್ ಎಂಬ ಕಂಪನ ಹೀರುವ ಮೆತ್ತೆ ಕೊಳ್ಳುತ್ತಾರೆ. ಭಾರಕ್ಕೆ ತಕ್ಕ ಮೆತುವಿಲ್ಲದಿದ್ದರೆ ಎರಡೂ ಅಷ್ಟಕ್ಕಷ್ಟೆ.

ಅಡುಗೆಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟನ್ನು ಪ್ಲೇಯರಿನ ಅಡಿಗಿಟ್ಟು ಮೋಕ್ಷ ಕಂಡೆನೆನ್ನುವವರೂ ಉಂಟು. ಬೆರಳಲ್ಲಿ ತಟ್ಟಿ ನೋಡಲಿ, ಠಣ್ ಎನ್ನುತ್ತದೆ. ಕಲ್ಲಿಗೂ ಸ್ವರವಿದೆಯೆಂದು ಹಂಪಿಯ ವಿಠ್ಠಲ ದೇವಾಲಯದ ಕಂಬಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಿದ್ಧಾಂತ. ಪ್ಲೇಯರೂ ಸ್ಪೀಕರೂ ಒಂದೇ ಮೇಜಿನ ಮೇಲಿದ್ದರೆ ಸ್ಪೀಕರಿನ ನಡುಕ ಸೂಜಿಗೆ, ಸೂಜಿಯದು ಮತ್ತೆ ಸ್ಪೀಕರಿಗೆ ಸುತ್ತಿ, ದನಿ ಏರಿಸಿದೊಡನೆ ಗೂಳಿ ಗುಟುರು ಹಾಕುತ್ತದೆ. ಇದಕ್ಕೆ ಬೇಕಾದ್ದು ಗಟ್ಟಿ ಗೋಡೆ, ಎರಡು ಬ್ರಾಕೆಟ್, ಒಂದು ಹಲಗೆ. ಶೋಕೇಸಿನ ಗಾಜು ಗಡಗಡ ಎನ್ನುತ್ತಿದ್ದರೆ ಸಂದಿಗೆ ಮಡಿಚಿದ ಕಾಗದ ತುರುಕಿ. ಹೋದ ವರ್ಷದ ಪಂಚಾಂಗದ ಹಾಳೆಯಾದರೂ ನಡೆಯುತ್ತದೆ.